ಮಾತಿನ ಒತ್ತುವರಿ

ಅರ್ಥವಾಗದ ಮಾತಿಗೆ ತಲೆಯಾಡಿಸುವುದು ಒಂದು ಕಲೆ. ಎಷ್ಟು ನಿಧಾನವಾಗಿ ಆಡಿಸಬೇಕು, ಎಲ್ಲಿ ತಡೆದು ಹುಬ್ಬು ಗಂಟಿಕ್ಕಬೇಕು, ಎಲ್ಲಿ ಮೂಗಿನಿಂದ ‘ಹೂಂ’ ಹೊರಡಿಸಬೇಕು ಎಂಬುದೆಲ್ಲ ಅಭ್ಯಾಸದಿಂದ ಬರುವಂಥದ್ದು. ನನಗೆ ಇದು ಸಿದ್ಧಿಸಿದ್ದು ಸಂಗೀತ ಕಚೇರಿಗಳಲ್ಲಿ. ನನ್ನ ಹೆಂಡತಿ ಶೈಲಜಾ ಹಾಡುಗಾರಿಕೆ ಕಲಿತವಳು. ರಾಮನವಮಿ ಬಂತೆಂದರೆ ಜಯನಗರ, ಯಡಿಯೂರು ಕಡೆಯ ಪೆಂಡಾಲುಗಳಿಗೆಲ್ಲ ನನ್ನನ್ನು ಎಳೆದುಕೊಂಡು ಹೋಗುತ್ತಾಳೆ. ರಾಗ ಯಾವುದೆಂದು ತಿಳಿಯದ ನಾನು ಪಕ್ಕದ ಕುರ್ಚಿಯವರು ತಲೆದೂಗಿದಾಗ ನಾನೂ ತೂಗುತ್ತೇನೆ. ಒಮ್ಮೆ ಪಕ್ಕದವರು ತೂಕಡಿಸುತ್ತಿದ್ದಾರೆಂದು ಗೊತ್ತಾಗದೆ ಅವರ ಲಯಕ್ಕೇ ತೂಗಿ, ಮುಂದಿನ ಸಾಲಿನ ಹಿರಿಯರೊಬ್ಬರಿಂದ ‘ಒಳ್ಳೇ ರಸಿಕರು ತಾವು’ ಎಂದು ಹೊಗಳಿಸಿಕೊಂಡಿದ್ದೇನೆ. ಇಂಥ ಕಲೆಯಿಂದ ಅಪಾಯವೂ ಇದೆ ಎಂದು ಗೊತ್ತಾದದ್ದು ಆಫೀಸಿನಲ್ಲಿ.

ನಾನು ಬೊಮ್ಮನಹಳ್ಳಿಯ ಒಂದು ಪುಟ್ಟ ಫೋನ್ ಕಂಪನಿಯಲ್ಲಿ ಖರೀದಿ ವಿಭಾಗದ ಮ್ಯಾನೇಜರ್. ವಿಭಾಗ ಎಂದರೆ ನಾನೇ. ಮೊದಲು ಇದೇ ಕಟ್ಟಡದಲ್ಲಿದ್ದ ಗಾರ್ಮೆಂಟ್ ಫ್ಯಾಕ್ಟರಿಗೆ ಅಂಗಿಯ ಗುಂಡಿ ಕೊಳ್ಳುತ್ತಿದ್ದೆ. ಫ್ಯಾಕ್ಟರಿ ಊರಾಚೆ ಎದ್ದುಹೋದ ಮೇಲೆ ಕಟ್ಟಡದ ಮಾಲೀಕರು ಅಲ್ಲೇ ಫೋನು ಜೋಡಿಸುವ ಕೆಲಸ ಶುರುಮಾಡಿದರು. ನಾನು ಕುರ್ಚಿಯನ್ನೂ ಬದಲಿಸದೆ ಫೋನಿನ ಗುಂಡಿ ಕೊಳ್ಳತೊಡಗಿದೆ. ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ ಹೆಣ್ಣುಮಕ್ಕಳಲ್ಲಿ ಸುಮಾರು ಮಂದಿ ಅಲ್ಲೇ ಉಳಿದು, ಸೂಜಿಯ ಬದಲು ಪುಟಾಣಿ ಸ್ಕ್ರೂಡ್ರೈವರ್ ಹಿಡಿದರು.

ಮಾಲೀಕರಾದ ಗೋವಿಂದಪ್ಪನವರು ಹಳೇ ಬೊಮ್ಮನಹಳ್ಳಿಯ ಮನೆತನದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಟ್ಟಡಗಳು ಬೆಳೆದಿವೆ. ಬಾಡಿಗೆ ತೆಗೆದುಕೊಂಡು ಆರಾಮಾಗಿ ಇರಬಹುದಿತ್ತು. ಆದರೆ ಅವರಿಗೆ ಅದರಲ್ಲಿ ಸುಖವಿಲ್ಲ. “ಬಾಡಿಗೆ ವಸೂಲಿ ಅನ್ನೋದು ತಿಂಗ್ಳಿಗೆ ಒಂದಿನದ ಕೆಲ್ಸ ಕಣ್ರೀ. ಮಿಕ್ಕ ದಿನ ಗೋಡೆ ನೋಡ್ಕೊಂಡು ಕೂತ್ಕೊಳ್ಲಾ?” ಎನ್ನುತ್ತಾರೆ. ಅವರ ತಾಯಿ ಪುಟ್ಟಮ್ಮನವರಿಗೆ ಮಗ ತಂದುಕೊಟ್ಟ ದುಬಾರಿ ಫೋನು ಒಗ್ಗಲಿಲ್ಲವಂತೆ. “ಮುಟ್ಟಿದ್ರೆ ಎಲ್ಲೆಲ್ಗೋ ಓಡೋಯ್ತದೆ ಕಣಪ್ಪ ಇದು, ಕಟ್ಟಾಕಿರೋ ಫೋನ್ ತತ್ತಾ” ಎಂದರಂತೆ. ಹಾಗೆ ಹುಟ್ಟಿದ್ದು ನಮ್ಮ ‘ಮಾತು’ ಫೋನು. ದಪ್ಪ ದಪ್ಪ ಗುಂಡಿ, ಕೂಗಿ ಹೇಳುವ ಸ್ಪೀಕರು, ಕರೆಂಟು ಹೋದರೆ ಒಂದಿಡೀ ಕೋಣೆಗೆ ಬೆಳಕು ಬೀಳುವ ಟಾರ್ಚು. ಚೆನ್ನಾಗಿಯೇ ಮಾರಾಟವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಪರದೇಶದ ದೊಡ್ಡ ಕಂಪನಿಯೊಂದರಿಂದ ಇಮೇಲ್ ಬಂತು. ನಿಮ್ಮ ಫೋನು ನಮ್ಮ ಆವಿಷ್ಕಾರಗಳನ್ನು ಬಳಸುತ್ತಿದೆ, ಪೇಟೆಂಟುಗಳು ನಮ್ಮವು, ಲೈಸೆನ್ಸ್ ಪಡೆದು ಪ್ರತಿ ಫೋನಿಗೂ ರಾಯಲ್ಟಿ ಕೊಡಿ ಎಂಬುದು ಅದರ ತಾತ್ಪರ್ಯ. ತುಂಬ ಮರ್ಯಾದೆಯ ಭಾಷೆ. ಎಷ್ಟು ಮರ್ಯಾದೆಯೆಂದರೆ, ಎರಡನೇ ಸಲ ಓದಿದಾಗಷ್ಟೇ ಹೆದರಿಕೆಯಾಗುವಂಥದ್ದು. ಗೋವಿಂದಪ್ಪನವರು ನನ್ನನ್ನು ಕರೆಸಿದರು. ಯಾವುದೋ ಹಳೆಯ ಮೀಟಿಂಗಿನಲ್ಲಿ ಯಾರೋ ಪೇಟೆಂಟಿನ ಬಗ್ಗೆ ಮಾತಾಡುವಾಗ ನಾನು ಬಹಳ ಹೊತ್ತು ತಲೆಯಾಡಿಸಿದ್ದು ಅವರಿಗೆ ನೆನಪಿತ್ತು.

“ಮೂರ್ತಿಯವ್ರೇ, ಇದು ನಿಮ್ಮ ಸಬ್ಜೆಕ್ಟು. ಏನಂತಾರೆ ಹೇಳಿ.”

ರಾಯಲ್ಟಿ ಎಂದರೆ ರಾಜಧನ ಎಂದೆ. ಅದು ಅವರಿಗೆ ಗೊತ್ತಿತ್ತು. ಕಲ್ಲುಗಣಿಯವರು ಸರ್ಕಾರಕ್ಕೆ ಕಟ್ಟುವುದು ಅದನ್ನೇ. “ನಾವೇನ್ ಕಲ್ಲು ಒಡೀತಿದೀವಾ?” ಎಂದರು. ಮುಂದೆ ಪತ್ರದಲ್ಲಿ ‘ಇನ್‌ಫ್ರಿಂಜ್‌ಮೆಂಟ್’ ಎಂಬ ಇಂಗ್ಲಿಷ್ ಪದವಿತ್ತು. ಉಲ್ಲಂಘನೆ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಆ ಕ್ಷಣಕ್ಕೆ ಹೊಳೆದ ಕನ್ನಡ ಪದ ‘ಅತಿಕ್ರಮಣ’.

“ಅಂದ್ರೆ ಒತ್ತುವರಿನಾ?”

ನಾನು ಎಂದಿನಂತೆ ತಲೆಯಾಡಿಸಿದೆ.

ಬೆಂಗಳೂರಿನಲ್ಲಿ ಜಮೀನಿದ್ದವರ ಮುಂದೆ ಆಡಬಾರದ ಪದ ಅದೊಂದೇ. ಹಿಂದೆ ಯಾರೋ ಗೋವಿಂದಪ್ಪನವರ ಕಾಂಪೌಂಡು ರಾಜಕಾಲುವೆಯ ಮೇಲಿದೆ ಎಂದು ಅರ್ಜಿ ಹಾಕಿ, ಸರ್ವೆಯವರು ಚೈನು ಹಿಡಿದು ಬಂದು, ಬೀದಿಯವರೆಲ್ಲ ನೋಡುತ್ತಿರುವಾಗ ಅಳೆದು, ಕೊನೆಗೆ ಒತ್ತುವರಿ ಆಗಿಲ್ಲ ಎಂದು ಹೇಳಿ ಹೋಗಿದ್ದರಂತೆ. ಅಳೆದು ಹೋದದ್ದನ್ನು ಊರು ಮರೆತರೂ ಅವರು ಮರೆತಿರಲಿಲ್ಲ. ಕುರ್ಚಿಯಿಂದ ಎದ್ದೇಬಿಟ್ಟರು. “ನಮ್ಮ ತಾತನ ಕಾಲ್ದಿಂದ ಒಬ್ಬರ ಬದು ಒತ್ತಿದೋರಲ್ಲ ನಾವು. ಎಲ್ಲಿ ಒತ್ತಿದೀನಿ ತೋರಿಸ್ಲಿ! ಕಲ್ಲು ಎಲ್ಲಿ ನೆಟ್ಟಿದಾರೆ? ಬಂದು ಸರ್ವೆ ಮಾಡಿಸ್ಲಿ!” ಎಂದರು. ಬಂದು ತೋರಿಸಿ ಎಂಬ ಅರ್ಥದ ಉತ್ತರವನ್ನು ನನ್ನಿಂದಲೇ ಬರೆಸಿದರು. ನಾನು ಚಿಪ್ ಮಾರಿದ ಚೀನಾದವರನ್ನೂ ಕೇಳಿನೋಡಿದೆ. ಚಿಪ್ ನಮ್ಮದು, ಅದು ಯಾರ ಜೊತೆ ಹೇಗೆ ಮಾತಾಡುತ್ತದೋ ಅದಕ್ಕೆ ನಾವು ಹೊಣೆಯಲ್ಲ ಎಂದು ಉತ್ತರ ಬಂತು. ಮದುವೆಯಾದ ಮಗನ ಬಗ್ಗೆ ತಂದೆತಾಯಿ ಹೇಳುವ ಹಾಗಿತ್ತು.

ಆಗ ನನಗೆ ನಿಜವಾದ ಕುತೂಹಲ ಹುಟ್ಟಿತು. ದಿನವೂ ಕಿವಿಗೆ ಹಿಡಿಯುವ ವಸ್ತುವಿನೊಳಗೆ ಯಾರ್ಯಾರ ಗಡಿಕಲ್ಲುಗಳಿವೆ? ಒಂದು ಭಾನುವಾರ ಊಟದ ಮೇಜಿನ ಮೇಲೆ ಒಂದು ‘ಮಾತು’ ಫೋನನ್ನು ಬಿಚ್ಚಿ ಹರವಿಕೊಂಡು ಕೂತೆ. ಶೈಲಜಾ ಬಡಿಸಲು ಬಂದವಳು, “ಇದನ್ನ ಎತ್ತಿಡ್ತೀರಾ, ಇಲ್ಲಾ ಇದರ ಮೇಲೇ ಸಾರು ಹಾಕ್ಲಾ?” ಎಂದಳು. ಎತ್ತಿಟ್ಟು ಒಂದು ಪೇಟೆಂಟ್ ಓದಲು ತೊಡಗಿದೆ. ಆವಿಷ್ಕಾರದ ಹಕ್ಕನ್ನು ಒಂದೇ ವಾಕ್ಯದಲ್ಲಿ ಹೇಳಬೇಕೆಂಬ ಸಂಪ್ರದಾಯವಿದೆಯಂತೆ. ಆ ವಾಕ್ಯ ಒಂದು ಪುಟದಲ್ಲಿ ಹೊರಟು ಇನ್ನೊಂದು ಪುಟದಲ್ಲಿ ಉಸಿರು ಬಿಡುತ್ತದೆ. ಕ್ರಿಯಾಪದ ಸಿಗುವ ಹೊತ್ತಿಗೆ ಕರ್ತೃ ಯಾರೆಂದು ನನಗೆ ಮರೆತುಹೋಗಿತ್ತು.

ಆದರೂ ಬಿಡದೆ ಓದುತ್ತ ಹೋದ ಹಾಗೆ ಕಥೆ ಸ್ವಾರಸ್ಯವಾಯಿತು. ಒಂದು ಕಾಲಕ್ಕೆ ಮೊಬೈಲ್ ಲೋಕ ಸಿಮ್ ಇರುವುದು, ಸಿಮ್ ಇಲ್ಲದ್ದು ಎಂದು ಎರಡು ಪಂಗಡವಾಗಿತ್ತಲ್ಲ, ಅದು ನನ್ನ ಮನೆಯಲ್ಲೇ ನಡೆದ ಯುದ್ಧ. ನಾನಾಗ ಅಗ್ಗಕ್ಕೆ ಸಿಕ್ಕಿತೆಂದು ಸಿಮ್ ಇಲ್ಲದ ಫೋನು ಕೊಂಡಿದ್ದೆ. ಅದರಲ್ಲಿ ನಂಬರಿಗೂ ಹ್ಯಾಂಡ್‌ಸೆಟ್‌ಗೂ ಮದುವೆಯಾಗಿರುತ್ತಿತ್ತು, ಬಿಡುಗಡೆಯಿಲ್ಲ. ಶೈಲಜಾಳದು ಸಿಮ್ ಹಾಕುವ ಫೋನು. ವಿಲ್ಸನ್ ಗಾರ್ಡನ್ನಿನ ಅವಳ ತವರಿನಲ್ಲಿ ಅವಳ ಫೋನು ಮಾತಾಡುತ್ತಿತ್ತು, ನನ್ನದು ಮೌನ. ನಮ್ಮ ಮನೆಯಲ್ಲಿ ನನ್ನದು ಮಾತಾಡುತ್ತಿತ್ತು, ಅವಳದು ಮೌನ. ಬ್ಯಾಟರಿ ಸತ್ತಾಗ ಅವಳ ಫೋನಿಗೆ ನನ್ನ ನಂಬರು ಹಾಕಿಕೊಳ್ಳೋಣವೆಂದರೆ ಹಾಕಲು ಏನೂ ಇಲ್ಲ. ನನ್ನ ಅತ್ತೆಯವರು, “ಅಳಿಯಂದ್ರೇ, ನಿಮ್ಮ ಫೋನ್ ನಮ್ಮನೇಲಿ ಮಾತಾಡಲ್ವಲ್ಲ, ಬೇಜಾರಾ?” ಎಂದು ಕೇಳಿದ್ದರು. ಅದರ ಹಿಂದೆ ಎರಡು ದೊಡ್ಡ ಗುಂಪುಗಳು ತಮ್ಮ ತಮ್ಮ ವಿಧಾನವೇ ಶ್ರೇಷ್ಠವೆಂದು ಕಾದಾಡುತ್ತಿದ್ದವು ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ದೇಶ ದೇಶದ ಎಂಜಿನಿಯರುಗಳು ಸಭೆ ಸೇರಿ, ಎಲ್ಲರೂ ಒಂದೇ ಪದ್ಧತಿಗೆ ಬರೋಣ ಎಂದು ಒಪ್ಪಿದರು. ಸಭೆಯೆಂದರೆ ಗೊತ್ತಲ್ಲ, ಎಲ್ಲರೂ ತಮ್ಮ ತಮ್ಮ ಉಪಾಯವನ್ನು ಆ ಪದ್ಧತಿಯೊಳಗೆ ತುರುಕಲು ನೋಡಿದರು. ಯಾರ ಉಪಾಯ ಒಳಗೆ ಸೇರಿತೋ ಅವರಿಗೆ ಲೋಕದ ಪ್ರತಿ ಫೋನಿನಿಂದಲೂ ರಾಯಲ್ಟಿ. ಅದಕ್ಕೆ ಪ್ರತಿಯಾಗಿ ಅವರು, ಕೇಳಿದವರಿಗೆಲ್ಲ ನ್ಯಾಯವಾದ ದರದಲ್ಲಿ ಕೊಡುತ್ತೇವೆ ಎಂದು ಮಾತು ಕೊಟ್ಟಿರುತ್ತಾರೆ. ನ್ಯಾಯವಾದ ದರ ಎಂದರೆ ಎಷ್ಟು ಎನ್ನುವುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಸೌತೆಂಡ್ ಸರ್ಕಲ್ಲಿನ ಆಟೋದವರೂ ‘ನೋಡ್ಕೊಂಡು ಕೊಡಿ ಸಾರ್’ ಎನ್ನುತ್ತಾರಲ್ಲ, ಅದೇ ದರವಿರಬೇಕು ಎಂದುಕೊಂಡೆ.

ಇಷ್ಟು ಹೊತ್ತಿಗೆ ಆ ಕಂಪನಿಯ ಪರವಾಗಿ ವಕೀಲರು ಬರುತ್ತಾರೆಂದು ಸುದ್ದಿ ಬಂತು. ಸೂಟು ಹಾಕಿದ ಬಿಳಿಯ ಸಾಹೇಬರನ್ನು ನಿರೀಕ್ಷಿಸಿ ಗೋವಿಂದಪ್ಪನವರು ಬಿಸ್ಲೇರಿ ನೀರು, ಬಿಸ್ಕತ್ತು ತರಿಸಿದ್ದರು. ಬಂದವಳು ಚೈತ್ರಾ ಎಂಬ ಜೆ.ಪಿ. ನಗರದ ಹೆಣ್ಣುಮಗಳು. ಎಂಜಿನಿಯರಿಂಗ್ ಮುಗಿಸಿ ಲಾ ಓದಿದವಳಂತೆ. ಬಂದವಳೇ, “ಬಿಸ್ಕತ್ ಬೇಡ ಸರ್, ಫಿಲ್ಟರ್ ಕಾಫಿ ಸಿಗುತ್ತಾ?” ಎಂದಳು. ಯುದ್ಧಕ್ಕೆ ಸಿದ್ಧರಾಗಿದ್ದ ಗೋವಿಂದಪ್ಪನವರು ಮೊದಲ ಮಾತಿಗೇ ಸ್ವಲ್ಪ ಮೆತ್ತಗಾದರು.

ಆದರೂ ತಾವು ಮಾಡಿಟ್ಟ ಏರ್ಪಾಟು ಬಿಡಲಿಲ್ಲ. ಒಳಗಿನಿಂದ ದೊಡ್ಡ ಸ್ಟೀಲ್ ತಟ್ಟೆ ತರಿಸಿದರು. ಅದರಲ್ಲಿ ಒಂದು ‘ಮಾತು’ ಫೋನಿನ ಸಕಲ ಅಂಗಾಂಗಗಳೂ ಗೌರಿಹಬ್ಬದ ಬಾಗಿನದ ಸಾಮಾನಿನ ಹಾಗೆ ಜೋಡಿಸಿಟ್ಟಿದ್ದವು. “ನೋಡಮ್ಮ, ಇದರಲ್ಲಿ ನಿಮ್ಮ ಕಂಪನಿದು ಯಾವ್ದೋ ಅದನ್ನ ಎತ್ಕೊಂಬಿಡಿ. ಇನ್ನೊಬ್ಬರ ವಸ್ತು ನಮಗೆ ಬೇಡ.”

ಚೈತ್ರಾ ತಟ್ಟೆಯನ್ನು ನಿಜವಾಗಿಯೂ ಗಮನವಿಟ್ಟು ನೋಡಿದಳು. “ಟಾರ್ಚ್ ತುಂಬಾ ಚೆನ್ನಾಗಿದೆ ಸರ್” ಎಂದಳು. ಆಮೇಲೆ, “ನಮ್ಮದು ಇಲ್ಲಿಲ್ಲ” ಎಂದು ಕಿಟಕಿಯ ಕಡೆ ತಿರುಗಿದಳು. ಹೊರಗೆ ಹೊಸೂರು ರಸ್ತೆ ಎಂದಿನಂತೆ ಕಿಕ್ಕಿರಿದಿತ್ತು. “ಅಲ್ಲಿ ಬಸ್ಸಲ್ಲಿ, ಕಾರಲ್ಲಿ, ಎಷ್ಟು ಜನ ಫೋನಲ್ಲಿ ಮಾತಾಡ್ತಿದಾರೆ ನೋಡಿ. ಎಲ್ಲಾ ಒಂದೇ ಟವರ್‌ಗೆ ಒಟ್ಟಿಗೇ ಕೂಗ್ತಿದಾವೆ. ಆದ್ರೂ ಒಬ್ಬರ ಮಾತು ಇನ್ನೊಬ್ಬರಿಗೆ ಹೋಗಲ್ಲ. ಬಸ್ ಮುಂದಕ್ಕೆ ಹೋದ್ರೆ ಈ ಟವರ್ ಆ ಮಾತನ್ನ ಮುಂದಿನ ಟವರ್ ಕೈಗೆ ದಾಟಿಸುತ್ತೆ. ಮಾತು ಮಧ್ಯದಲ್ಲಿ ಬಿದ್ದುಹೋಗಬಾರದು. ಹೇಗೆ ದಾಟಿಸಬೇಕು ಅಂತ ಯಾರೋ ಕೂತು ಯೋಚನೆ ಮಾಡಿದಾರಲ್ಲ, ಆ ಯೋಚನೆ ಸರ್ ನಮ್ಮ ಕ್ಲೈಂಟ್‌ದು.”

ಗೋವಿಂದಪ್ಪನವರು ತಲೆಯೆತ್ತಿ ಸೂರಿನ ಕಡೆ ಕೈ ತೋರಿಸಿದರು. “ಟವರ್ರಾ? ಅದು ಇದೇ ಬಿಲ್ಡಿಂಗ್ ಮೇಲೇ ಇರೋದು. ಜಾಗ ಕೊಟ್ಟಿರೋನು ನಾನು.”

“ಹೌದಾ? ಬಾಡಿಗೆ ಕೊಡ್ತಾರಾ ಸರ್?”

“ಕೊಡದೆ? ನನ್ನ ತಾರಸಿ ಅಲ್ವಾ...” ಎಂದವರು ಅಲ್ಲಿಗೇ ನಿಂತರು. ಚೈತ್ರಾ ಕಾಫಿ ಗುಟುಕರಿಸಿದಳು. ನಾನು ತಲೆಯಾಡಿಸಲೂ ಹೆದರಿದೆ.

ಗೋವಿಂದಪ್ಪನವರು ಸುಲಭಕ್ಕೆ ಸೋಲುವವರಲ್ಲ. ಯೋಚನೆಗೆ ಬಾಡಿಗೆ ಇದೆಯೆಂದು ಒಪ್ಪಿದ ಮೇಲೆ ಇಂಥ ಯೋಚನೆಗಳು ಎಷ್ಟು ಜನರವು ಇವೆ ಎಂದು ಕೇಳಿದರು. ಬಹಳ ಜನರವು ಎಂದು ಚೈತ್ರಾ ಒಪ್ಪಿಕೊಂಡಳು. “ಅಂದ್ರೆ ಒಂದು ಮನೆ, ಊರ್ ತುಂಬಾ ಓನರ್ರು. ನಿಮಗೆ ಕೊಟ್ಟು ಕಳಿಸಿದ್ರೆ ನಾಳೆ ಇನ್ನೊಬ್ರು ಬಂದು ಬಾಗಿಲು ತಟ್ತಾರೆ. ಎಲ್ಲಾ ಸೇರಿ ಜಂಟಿ ಖಾತೆ ಮಾಡ್ಕೊಂಡು ಒಬ್ಬರನ್ನೇ ಕಳಿಸಬಾರ್ದಾ?” ಹಾಗೆ ಒಟ್ಟಾಗಿ ವಸೂಲು ಮಾಡುವ ಕೂಟಗಳೂ ಇವೆ, ಆದರೆ ತನ್ನ ಕ್ಲೈಂಟ್ ಅದರಲ್ಲಿ ಇಲ್ಲ ಎಂದಳು. ಆಗ ಅವರಿಗೆ ಮಹಾ ಉಪಾಯವೊಂದು ಹೊಳೆಯಿತು. “ಮೂರ್ತಿಯವ್ರೇ, ಇವರ ಪದ್ಧತಿನೇ ಬೇಡ. ನಾವೇ ಒಂದು ಮಾಡೋಣ. ಬೊಮ್ಮನಹಳ್ಳಿ ಸ್ಟ್ಯಾಂಡರ್ಡು!”

ನಾಚಿಕೆಯ ಸಂಗತಿಯೆಂದರೆ, ಒಂದು ಕ್ಷಣ ನಾನೂ ಉಬ್ಬಿಹೋದೆ. ವಿಸಿಟಿಂಗ್ ಕಾರ್ಡಿನಲ್ಲಿ ಹೇಗೆ ಕಾಣುತ್ತದೆಂದು ಕೂಡ ಕಲ್ಪಿಸಿಕೊಂಡೆ. ಚೈತ್ರಾ ನಗಲಿಲ್ಲ. “ಮಾಡಬಹುದು ಸರ್, ಕಾನೂನಿನ ಅಡ್ಡಿ ಏನಿಲ್ಲ. ಆದ್ರೆ ಆ ಫೋನ್ ತಗೊಂಡೋರು ಯಾರ ಜೊತೆ ಮಾತಾಡ್ತಾರೆ?” ಎಂದಳು.

ಆ ಸಂಜೆ ಮನೆಗೆ ಹೊರಟವನಿಗೆ ಟವರುಗಳು ಮಾತು ದಾಟಿಸುವುದನ್ನು ಹಿಡಿಯಬೇಕೆನಿಸಿತು. ಬಸ್ಸು ಹತ್ತಿ ಶೈಲಜಾಳಿಗೆ ಫೋನು ಮಾಡಿ, ಇಡಬೇಡ, ಮನೆ ಮುಟ್ಟುವ ತನಕ ಮಾತಾಡುತ್ತಿರು ಎಂದೆ. ಅವಳಿಗೆ ಗಾಬರಿ. “ಯಾಕ್ರೀ, ಏನಾಯ್ತು? ಹುಷಾರಾಗಿದೀರಾ?” ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಾಗ ಸಣ್ಣ ಕುಲುಕಾಟವಾದರೂ ಕೇಳಬೇಕಲ್ಲ ಎಂದೆ. ಬಿ.ಟಿ.ಎಂ. ಲೇಔಟಿನಲ್ಲಿ, “ಈಗ ಗೊತ್ತಾಯ್ತಾ?” ಎಂದು ಕೇಳಿದೆ. “ಕೊತ್ತಂಬರಿ ಸೊಪ್ಪು ಇಲ್ಲ, ಅಷ್ಟು ಗೊತ್ತಾಯ್ತು” ಎಂದಳು. ಜಯನಗರದಲ್ಲಿ ಮತ್ತೆ ಕೇಳಿದೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ದಾರಿಯುದ್ದಕ್ಕೂ ಎಷ್ಟು ಟವರುಗಳು ನನ್ನ ಹೆಂಡತಿಯ ದನಿಯನ್ನು ಬೊಗಸೆಯಿಂದ ಬೊಗಸೆಗೆ ಸುರಿದವೋ, ಒಂದು ಹನಿ ಚೆಲ್ಲಲಿಲ್ಲ. ಇಷ್ಟು ವರ್ಷ ಈ ಸೌಲಭ್ಯವನ್ನು ಉಪಯೋಗಿಸಿ ನಾನು ಹೇಳಿದ್ದೆಲ್ಲ ‘ಬಂದೆ, ಹತ್ತಿರದಲ್ಲೇ ಇದೀನಿ’ ಎಂಬ ಸುಳ್ಳು ಮಾತ್ರ ಎಂದು ನೆನೆದು ಆ ಅಪರಿಚಿತ ಎಂಜಿನಿಯರುಗಳ ಬಗ್ಗೆ ಪಾಪ ಎನಿಸಿತು.

ಮೆಚ್ಚಿಕೊಂಡ ಮಾತ್ರಕ್ಕೆ ಕಷ್ಟ ತೀರಬೇಕಲ್ಲ. ಆ ಕಂಪನಿಯವರು ಕೇಳಿದ್ದು ಇಡೀ ಫೋನಿನ ಬೆಲೆಯಲ್ಲಿ ಒಂದು ಪಾಲು. ನಮ್ಮಂಥ ಅಗ್ಗದ ಫೋನಿನಲ್ಲಿ ಉಳಿಯುವುದೇ ಚೂರು. ಅದನ್ನೂ ಕೊಟ್ಟರೆ ಜೋಡಿಸುವುದಕ್ಕಿಂತ ಜೋಡಿಸದಿರುವುದೇ ಲಾಭ. ಗೋವಿಂದಪ್ಪನವರು ಮಂಕಾದರು. ಕೆಳಗಿನ ಮಹಡಿಯನ್ನು ಮತ್ತೆ ಯಾರಿಗಾದರೂ ಬಾಡಿಗೆಗೆ ಕೊಟ್ಟುಬಿಡುವುದೇ ಸರಿ ಎಂದು ಮಾತಾಡತೊಡಗಿದರು. ಸುದ್ದಿ ಹೇಗೋ ಜೋಡಣೆಯವರಿಗೆ ಮುಟ್ಟಿತು. ಅವರಲ್ಲಿ ಹಿರಿಯಳಾದ ಮಂಜುಳಾ ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು, “ಸಾರ್, ಗಾರ್ಮೆಂಟ್ಸ್ ಹೋದಾಗ್ಲೂ ನೀವೇ ‘ಏನೂ ಆಗಲ್ಲ’ ಅಂದಿದ್ರಿ. ಈಗ್ಲೂ ಹಂಗೇನಾ?” ಎಂದು ಕೇಳಿದಳು. ನನ್ನ ಕತ್ತು ತನ್ನಷ್ಟಕ್ಕೆ ತಾನೇ ಆಡಲು ಹೊರಟಿತು. ಕಷ್ಟಪಟ್ಟು ಹಿಡಿದು ನಿಲ್ಲಿಸಿ, “ಗೊತ್ತಿಲ್ಲಮ್ಮ, ಕೇಳ್ತೀನಿ” ಎಂದೆ.

ಎರಡನೇ ಮಾತುಕತೆಗೆ ಚೈತ್ರಾ ಬಂದಾಗ ಗೋವಿಂದಪ್ಪನವರು ಟಾರ್ಚಿನ ಪ್ರಶ್ನೆ ಎತ್ತಿದರು. ಟಾರ್ಚಿಗೂ ನಿಮ್ಮ ಯೋಚನೆಗೂ ಸಂಬಂಧವಿಲ್ಲ, ನಮ್ಮ ದಪ್ಪ ಗುಂಡಿಗೂ ಇಲ್ಲ, ಇಡೀ ಬೆಲೆಯಲ್ಲಿ ಪಾಲು ಏಕೆ ಎಂದರು. ಕೋರ್ಟುಗಳಲ್ಲೂ ಇದೇ ವಾದ ನಡೆಯುತ್ತಿರುತ್ತದೆ, ಎರಡೂ ಕಡೆಗೆ ಹೇಳಲು ಬೇಕಾದಷ್ಟಿದೆ ಎಂದು ಅವಳು ವಿವರಿಸತೊಡಗಿದಳು. ಅವಳು ಹೇಳುತ್ತಿದ್ದದ್ದು ಅರ್ಧದಿಂದಾಚೆಗೆ ನನಗೆ ಅರ್ಥವಾಗಲಿಲ್ಲ. ಹಾಗಾಗಿ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. “ಮೇಡಂ, ಈ ಪೇಟೆಂಟುಗಳಿಗೆ ವಯಸ್ಸಾಗಲ್ವಾ?”

ಚೈತ್ರಾ ಮಾತು ನಿಲ್ಲಿಸಿದಳು. “ಆಗುತ್ತೆ ಸರ್. ಇಪ್ಪತ್ತು ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಅದು ಎಲ್ಲರದೂ.”

“ಹಂಗಾದ್ರೆ ನಮ್ಮ ಫೋನ್ ಬಳಸೋದರಲ್ಲಿ ಹಳೇ ಕಾಲದ್ದೂ ಇರ್ಬೇಕಲ್ಲ? ಇಂಟರ್ನೆಟ್ಟು, ವಿಡಿಯೋ ಇದ್ಯಾವುದೂ ನಮ್ಮಲ್ಲಿಲ್ಲ. ಬರೀ ಮಾತು.”

ಗೋವಿಂದಪ್ಪನವರು ಕುರ್ಚಿಯ ತುದಿಗೆ ಬಂದರು. “ಅಂದ್ರೆ ಸತ್ತೋರ್ ಹೆಸರಲ್ಲೂ ಬಾಡಿಗೆ ಕೇಳ್ತಿದೀರೇನಮ್ಮ?”

“ಸತ್ತೋರದ್ದು ಕೇಳ್ತಿಲ್ಲ ಸರ್” ಎಂದು ಅವಳು ಈ ಸಲ ನಕ್ಕೇಬಿಟ್ಟಳು. “ಬದುಕಿರೋದರಲ್ಲಿ ನೀವು ಎಷ್ಟು ಬಳಸ್ತೀರಾ ಅನ್ನೋ ಪ್ರಶ್ನೆ ನ್ಯಾಯವಾಗಿದೆ. ದೊಡ್ಡ ಫೋನಿಗೂ ಇದಕ್ಕೂ ಒಂದೇ ಲೆಕ್ಕ ಹಾಕಬಾರದು. ಕ್ಲೈಂಟ್ ಹತ್ರ ಮಾತಾಡ್ತೀನಿ.” ಮಾತಾಡಿದಳು. ಅವರು ಕೇಳಿದ್ದೂ ಸಿಗಲಿಲ್ಲ, ನಾವು ಅಂದುಕೊಂಡದ್ದೂ ಆಗಲಿಲ್ಲ. ಇಡೀ ಬೆಲೆಯ ಪಾಲಿನ ಬದಲು ಫೋನಿಗಿಷ್ಟು ಎಂದು ಸಣ್ಣ ಮೊತ್ತವೊಂದು ಗೊತ್ತಾಯಿತು. ಕರಾರನ್ನು ಗೋವಿಂದಪ್ಪನವರಿಗೆ ಕನ್ನಡದಲ್ಲಿ ಹೇಳುವಾಗ ನಾನು ಎಲ್ಲೂ ‘ಅತಿಕ್ರಮಣ’ ಎನ್ನದಂತೆ ಎಚ್ಚರ ವಹಿಸಿದೆ. ‘ಮಾತು’ ಫೋನಿನ ಬೆಲೆ ಚೂರು ಏರಿತು. ಕೆಳಗಿನ ಮಹಡಿಯಲ್ಲಿ ಸ್ಕ್ರೂಡ್ರೈವರುಗಳು ತಿರುಗುತ್ತಲೇ ಇವೆ. ಈಚೆಗೆ ಇನ್ನೊಂದು ಪರದೇಶದ ಕಂಪನಿಯಿಂದ ಅಂಥದೇ ಮರ್ಯಾದೆಯ ಇಮೇಲ್ ಬಂದಾಗ ಗೋವಿಂದಪ್ಪನವರು ಎದ್ದು ನಿಲ್ಲಲಿಲ್ಲ. “ಇನ್ನೊಬ್ಬ ಓನರ್ ಬಂದ. ಕಾಫಿಪುಡಿ ಇದೆಯಾ ನೋಡ್ರೀ” ಎಂದರಷ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಗೌರವ ಉಳಿಯುತ್ತಿತ್ತು. ಆದರೆ ಯೋಚನೆಗೆ ಬಾಡಿಗೆ ಬರುತ್ತದೆ ಎಂದು ಒಮ್ಮೆ ತಿಳಿದವನಿಗೆ ತನ್ನ ತಲೆ ಖಾಲಿ ಸೈಟಿನಂತೆ ಕಾಣತೊಡಗುತ್ತದೆ. ಪುಟ್ಟಮ್ಮನವರು ಒಂದು ದಿನ ಫೋನೆತ್ತಿ, ಸೊಸೆಗೆ ಮೀಸಲಿಟ್ಟ ಬೈಗುಳವನ್ನೆಲ್ಲ ಯಾವುದೋ ಬ್ಯಾಂಕಿನ ಸಾಲ ಕೊಡುವ ಹುಡುಗಿಗೆ ಬೈದುಬಿಟ್ಟರು. ಪರದೆಯ ಅಕ್ಷರ ಅವರಿಗೆ ಕಾಣುವುದಿಲ್ಲ. ಅದನ್ನು ಕೇಳಿ ನನಗೆ ಹೊಳೆಯಿತು: ಫೋನು ರಿಂಗಾಗುವ ಬದಲು, ‘ಸೊಸೆ ಕರೀತಿದಾಳೆ’, ‘ಮೊಮ್ಮಗ ಕರೀತಿದಾನೆ’ ಎಂದು ಬಾಯಿಬಿಟ್ಟು ಹೇಳಿದರೆ? ಗುಂಡಿ ಕೊಳ್ಳುತ್ತಿದ್ದವನು ಆವಿಷ್ಕಾರ ಮಾಡಿದ್ದೆ! ಶೈಲಜಾಳಿಗೆ ಹೇಳಿದೆ. ಅಲ್ಲಿಗೇ ಬಿಡದೆ ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮಾಡುವ ಗೆಳೆಯರಿಗೂ ಹೇಳಿದೆ. ಪೇಟೆಂಟ್ ಬಂದ ಮೇಲೆ ದರ ಹೇಗಿಡುತ್ತೀರಿ ಎಂದು ಒಬ್ಬರು ಕೇಳಿದರು. ನ್ಯಾಯವಾಗಿಯೇ ಇಡುತ್ತೇನೆ ಎಂದು ಭರವಸೆ ಕೊಟ್ಟೆ.

ಚೈತ್ರಾಳಿಗೆ ಫೋನು ಮಾಡಿ ಅರ್ಜಿ ಹಾಕುವುದು ಹೇಗೆಂದು ಕೇಳಿದೆ. ಹುಡುಕಿ ನೋಡಿ ಹೇಳುತ್ತೇನೆ ಎಂದವಳು ಮರುದಿನವೇ ಕರೆ ಮಾಡಿದಳು. “ಸರ್, ಕರೆ ಮಾಡಿದೋರ ಹೆಸರನ್ನ ಫೋನೇ ಕೂಗಿ ಹೇಳೋದು ಹಳೇ ವಿಷಯ. ಬಹಳ ಹಿಂದೆನೇ ಒಬ್ಬರು ಪೇಟೆಂಟ್ ತಗೊಂಡಿದಾರೆ. ನೀವು ಹೇಳಿದ ಹಾಗೇ ಇದೆ.”

“ಅಂದ್ರೆ ನಾನು ಅವರಿಗೆ ರಾಯಲ್ಟಿ ಕೊಡಬೇಕಾ?”

“ಬೇಡ ಸರ್. ವರ್ಷ ವರ್ಷ ಫೀ ಕಟ್ಟಬೇಕಿತ್ತು, ಅವರು ಮಧ್ಯದಲ್ಲೇ ಕಟ್ಟೋದು ನಿಲ್ಲಿಸಿದಾರೆ. ಅದು ಯಾವತ್ತೋ ಬಿದ್ದುಹೋಗಿದೆ. ನೀವು ಧಾರಾಳವಾಗಿ ಬಳಸ್ಕೊಳ್ಳಿ.”

ಅಂದಿನಿಂದ ನಮ್ಮ ‘ಮಾತು’ ಫೋನು ಹೆಸರು ಹಿಡಿದು ಕೂಗುತ್ತಿದೆ, ಪುಟ್ಟಮ್ಮನವರ ಬೈಗುಳ ಸರಿಯಾದ ವಿಳಾಸಕ್ಕೇ ಸೇರುತ್ತಿದೆ. ನನ್ನ ಕುತೂಹಲ ಮಾತ್ರ ಆ ಅಪರಿಚಿತನ ಸುತ್ತಲೇ ಸುತ್ತುತ್ತಿದೆ. ಯಾವ ಊರಿನವನೋ, ಅವನ ಮನೆಯಲ್ಲಿ ಯಾರ ಕಣ್ಣು ಮಂಜಾಗಿತ್ತೋ, ಫೀ ಕಟ್ಟಲು ದುಡ್ಡಿರಲಿಲ್ಲವೋ, ಇಲ್ಲಾ ಇನ್ನು ಯಾರಿಗಾಗಿ ಎಂದು ಬಿಟ್ಟುಬಿಟ್ಟನೋ. ಸಿಕ್ಕಿದರೆ ಒಂದು ಲೋಟ ಕಾಫಿ ಕೊಡಿಸಿ ಕೇಳಬೇಕೆಂಬ ಆಸೆ. ಆದರೆ ಅವನು ಯಡಿಯೂರು ಕೆರೆಯ ಕಡೆಗೆ ಮಾತ್ರ ಬರದಿದ್ದರೆ ಒಳ್ಳೆಯದು. ಅಲ್ಲಿ ಎಲ್ಲರೂ ಇನ್ನೂ ನನ್ನನ್ನೇ ಸಂಶೋಧಕರು ಎಂದು ಕರೆಯುತ್ತಿದ್ದಾರೆ.